ಎಲ್ಲಿ ಸಾಹೇಬರು

ಯಾರ ಮನೆಗೆ ಹೋದರೂ ಕೂರುವ ಮೊದಲೇ ಹಿಂಬಾಗಿಲು ಎಲ್ಲಿದೆ ಎಂದು ವಿಚಾರಿಸುವ ಮನುಷ್ಯನನ್ನು ಭಾವನನ್ನಾಗಿ ಪಡೆದವರ ಪಾಡು ಎಂಥದೆಂಬುದನ್ನು ಅನುಭವಿಸಿದವರೇ ಬಲ್ಲರು. ನಮ್ಮಕ್ಕನನ್ನು ಕೇಳಲು ಅವರು ಮೊದಲ ಸಲ ನಮ್ಮ ಮನೆಗೆ ಬಂದಾಗ ಅಪ್ಪ ಕುರ್ಚಿ ಎಳೆದು "ಬನ್ನಿ, ಕೂತ್ಕೊಳ್ಳಿ" ಅಂದರೆ, ಈ ಮಹಾನುಭಾವರು ನಿಂತಲ್ಲಿಂದಲೇ ಸುತ್ತ ಕಣ್ಣಾಡಿಸಿ "ಹಿಂದಿನ ಬಾಗಿಲು ಎಲ್ಲಿ?" ಅಂದಿದ್ದರು. ಹುಡುಗಿಯ ಮುಖ ನೋಡುವ ಮೊದಲೇ ಓಡಿಹೋಗುವ ದಾರಿ ಹುಡುಕುತ್ತಿದ್ದಾನಲ್ಲ ಎಂದು ಅಪ್ಪನಿಗೆ ಗಾಬರಿ. ಆ ಬಾಗಿಲಿಗೆ ಅಡ್ಡವಾಗಿ ನಾವು ಪೇರಿಸಿಟ್ಟಿದ್ದ ಹಳೆಯ ಪೆಟ್ಟಿಗೆಗಳನ್ನೂ ಮುರುಕು ಸೈಕಲ್ಲನ್ನೂ ಅವರೇ ಎತ್ತಿ ಬದಿಗಿಟ್ಟು, ಅಗಳಿಯನ್ನು ಎರಡು ಸಲ ತೆಗೆದು ಹಾಕಿ ನೋಡಿ, ಕೈ ಒರೆಸಿಕೊಂಡು ಬಂದು ಕೂತಮೇಲೆಯೇ ಮಾತು ಶುರುವಾದದ್ದು. ಒಳಗೆ ಬಾಯಿಗೆ ಬಟ್ಟೆ ಒತ್ತಿಕೊಂಡು ನಗುತ್ತಿದ್ದ ಅಕ್ಕ, ಇವರೇ ಆಗಲಿ ಅಂದಳು. ಆ ನಗುವಿಗೆ ಆಮೇಲೆ ಅವಳು ಪಶ್ಚಾತ್ತಾಪಪಟ್ಟ ದಿನಗಳೂ ಇದ್ದವು.

ಭಾವ ಕಾರ್ಖಾನೆಗಳ ಇನ್‌ಸ್ಪೆಕ್ಟರ್ ಆಗಿದ್ದರು. ಉದ್ದನೆಯ, ಸಣಕಲು ದೇಹ. ನಡೆಯುವಾಗ ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹೆಣೆದುಕೊಳ್ಳುತ್ತಿದ್ದರು. ತಿರುಗುವ ಯಂತ್ರಗಳ ನಡುವೆ ಓಡಾಡಿ ಬಂದ ಅಭ್ಯಾಸವದು. ಆದರೆ ಮಾರುಕಟ್ಟೆಯಲ್ಲಿ, ಮದುವೆ ಮನೆಯಲ್ಲಿ, ಕೊನೆಗೆ ನಮ್ಮ ಅಂಗಳದಲ್ಲೂ ಹಾಗೆಯೇ ಮುಂದಕ್ಕೆ ಬಾಗಿ ನಡೆಯುವುದನ್ನು ಕಂಡವರಿಗೆ, ಯಾರೋ ಕೈಗೆ ಹಗ್ಗ ಕಟ್ಟಿ ಈ ಮನುಷ್ಯನನ್ನು ಕರೆದೊಯ್ಯುತ್ತಿದ್ದಾರೇನೋ ಅನ್ನಿಸುತ್ತಿತ್ತು. ನೇತಾಡುವ ವಸ್ತು ಯಾವುದೂ ಅವರ ಮೈಮೇಲೆ ಇರುತ್ತಿರಲಿಲ್ಲ. ಬೂದು ಬಣ್ಣದ ಒರಟು ಕೋಟಿನ ಕೆಳಜೇಬುಗಳನ್ನು ಯಂತ್ರದ ಹಿಡಿಗೆ ಸಿಕ್ಕಿಕೊಂಡಾವೆಂದು ತಾವೇ ಹೊಲಿದು ಮುಚ್ಚಿದ್ದರು. ಹಾಗಾಗಿ ಕನ್ನಡಕ, ಅಳತೆಪಟ್ಟಿ, ಪೆನ್ಸಿಲ್ಲು, ಟಾರ್ಚು, ನೋಟ್‌ಬುಕ್ಕು ಎಲ್ಲವೂ ಎದೆಯ ಒಂದೇ ಜೇಬಿಗೆ ಸೇರಿ, ಎಡ ಎದೆ ಪೈಲ್ವಾನನದು, ಬಲ ಎದೆ ಗುಮಾಸ್ತನದು ಎಂಬಂತೆ ಕಾಣುತ್ತಿದ್ದರು. ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತರೆ ಎಲ್ಲಿಂದಲೋ ಪ್ರತ್ಯಕ್ಷರಾಗಿ "ಜಡೆ ಎಲ್ಲಿ?" ಅನ್ನುವರು. "ತಲೆ ಹಿಂದೇನೇ ಇದೆ, ಇನ್ನೆಲ್ಲಿರತ್ತೆ ರೀ!" ಎಂದು ಅವಳು ಸಿಡುಕುತ್ತಲೇ ಜಡೆಯನ್ನು ಸುತ್ತಿ ಮೇಲಕ್ಕೆ ಕಟ್ಟುವಳು.

ಅವರ ಮಾತೆಲ್ಲ ಈ 'ಎಲ್ಲಿ' ಎಂಬ ಒಂದೇ ಪದದ ಸುತ್ತ ತಿರುಗುತ್ತಿತ್ತು. ಮೆಟ್ಟಿಲು ಕಂಡರೆ "ಹಿಡಿಗಂಬಿ ಎಲ್ಲಿ?", ಯಂತ್ರದ ಬೆಲ್ಟು ಕಂಡರೆ "ಇದರ ಮುಚ್ಚಿಗೆ ಎಲ್ಲಿ?", ಸುಣ್ಣದ ಗಿರಣಿಯಲ್ಲಿ ಕೆಮ್ಮುತ್ತ ನಿಂತವನನ್ನು ಕಂಡರೆ "ನಿನ್ನ ಮುಖವಸ್ತ್ರ ಎಲ್ಲಿ?" ಕಾರ್ಮಿಕರು ಅವರಿಗೆ ಎಲ್ಲಿ ಸಾಹೇಬರು ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ನನ್ನ ಮದುವೆಯ ದಿನ ಛತ್ರದ ಹಿಂಬಾಗಿಲಿಗೆ ಬೀಗ ಬಿದ್ದಿದ್ದನ್ನು ಕಂಡು, ಬೀಗದ ಕೈ ಇಟ್ಟುಕೊಂಡಿದ್ದ ಮೇಸ್ತ್ರಿಯನ್ನು ಹುಡುಕಿಕೊಂಡು ಊರ ಆ ತುದಿಗೆ ಹೋದವರು, ಊಟದ ಕೊನೆಯ ಸಾಲು ಏಳುವ ಹೊತ್ತಿಗೆ ಬೆವರು ಒರೆಸಿಕೊಳ್ಳುತ್ತ ಬಂದರು. ಫೋಟೋಗಳಲ್ಲಿ ಎಲ್ಲರೂ ಇದ್ದಾರೆ, ಭಾವ ಇಲ್ಲ. ಭಾವ ಮುನಿಸಿಕೊಂಡು ಹೋಗಿದ್ದಾರೆಂದೇ ನನ್ನ ಹೆಂಡತಿಯ ಕಡೆಯವರು ತಿಳಿದು ವರ್ಷಗಟ್ಟಲೆ ನನ್ನ ಮುಂದೆ ಅವರ ಮಾತೆತ್ತುತ್ತಿರಲಿಲ್ಲ.

ಅವರ ಪಾಲಿಗೆ ಬಂದಿದ್ದ ಕಾರ್ಖಾನೆಗಳು ಆರುನೂರ ಹನ್ನೆರಡು. ಇನ್‌ಸ್ಪೆಕ್ಟರ್ ಒಬ್ಬರೇ. ವಾರಕ್ಕೆ ಎರಡನ್ನು ನೋಡಿದರೂ ಒಂದು ಸುತ್ತು ಮುಗಿಯಲು ಆರು ವರ್ಷ ಬೇಕು. ಅಷ್ಟರಲ್ಲಿ ಮೊದಲು ನೋಡಿದ ಕಾರ್ಖಾನೆ ಕೈಬದಲಾಗಿ, ಹೆಸರು ಬದಲಾಗಿ, ಅದೇ ಹರಿದ ಬೆಲ್ಟನ್ನು ಹೊಸ ಬೋರ್ಡಿನ ಹಿಂದೆ ಓಡಿಸುತ್ತಿರುತ್ತಿತ್ತು. ಇಲಾಖೆಯ ಜೀಪು ವರ್ಷದಲ್ಲಿ ಒಂಬತ್ತು ತಿಂಗಳು ಗ್ಯಾರೇಜಿನಲ್ಲಿ. ಕಾಲೇಜಿನಲ್ಲಿ ಪಾಠ ಹೇಳಿಕೊಂಡು ವಾರಕ್ಕೆರಡು ದಿನ ಬಿಡುವಾಗಿರುತ್ತಿದ್ದ ನಾನೂ ನನ್ನ ಸ್ಕೂಟರೂ ಹೀಗೆ ಸರಕಾರದ ಸೇವೆಗೆ ಸೇರಿಹೋದೆವು, ನೇಮಕದ ಆದೇಶವಿಲ್ಲದೆ. ನಾವು ಗೇಟಿನ ಮುಂದೆ ನಿಂತರೆ ಕಾವಲುಗಾರ ಒಳಗೆ ಗಂಟೆ ಬಾರಿಸುವನು. ಕಾಲು ಗಂಟೆ ಕಾಯಿಸಿ ಒಳಗೆ ಬಿಟ್ಟಾಗ ಎಲ್ಲರ ತಲೆಯ ಮೇಲೂ ಹೆಲ್ಮೆಟ್ಟು, ಹೆಲ್ಮೆಟ್ಟಿನ ಮೇಲೆ ಇನ್ನೂ ಕಿತ್ತಿರದ ಪ್ಲಾಸ್ಟಿಕ್ಕು. ಒಂದು ಕಡೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ತೆಗೆಸಿದರೆ ಒಳಗೆ ಮ್ಯಾನೇಜರರ ಬಾಚಣಿಗೆ, ಅರ್ಧ ಸವೆದ ಸೋಪು, ಒಂದು ಜೊತೆ ಚಪ್ಪಲಿ. "ಔಷಧಿ ಎಲ್ಲಿ?" ಅಂದರೆ, ಹಾಳಾದೀತು ಅಂತ ಮನೇಲಿಟ್ಟಿದೀನಿ ಸಾರ್ ಎಂಬ ಉತ್ತರ. ನಾನು ಹೊರಗೆ ಬಂದು ಹೊಟ್ಟೆ ಹಿಡಿದು ನಕ್ಕರೆ ಭಾವ ನಗುತ್ತಿರಲಿಲ್ಲ; ನೋಟ್‌ಬುಕ್ಕು ತೆಗೆದು, 'ಸೋಪು ಅರ್ಧ' ಎಂದು ಸಹ ಬರೆದುಕೊಳ್ಳುತ್ತಿದ್ದರು.

ಡಬ್ಬಿಗಳ ಮುಚ್ಚಳ ಮಾಡುವ ಕಾರ್ಖಾನೆಗೆ ಮಾತ್ರ ಗೇಟಿನಿಂದ ಹೋಗದೆ, ಕೆಲಸಕ್ಕೆ ಹೊರಟಿದ್ದ ಹೆಂಗಸರ ಗುಂಪಿನೊಡನೆ ಪಕ್ಕದ ಬಾಗಿಲಿಂದ ನುಗ್ಗಿದೆವು. ಸಾಲಾಗಿ ಹದಿನಾಲ್ಕು ಪ್ರೆಸ್ಸುಗಳು. ತಗಡನ್ನು ಅಚ್ಚಿನ ಕೆಳಗಿಟ್ಟು, ಎರಡು ಕೈಯಲ್ಲಿ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರಷ್ಟೇ ಮೇಲಿನ ಅಚ್ಚು ಇಳಿಯಬೇಕು. ಕೈಗಳೆರಡೂ ಗುಂಡಿಯ ಮೇಲಿದ್ದಾಗ ಅಚ್ಚಿನ ಕೆಳಗೆ ಇರಲಾರವು ಎಂಬುದು ಅದರ ಸರಳ ಯುಕ್ತಿ. ಆದರೆ ಹದಿನಾಲ್ಕರಲ್ಲೂ ಎಡಗಡೆಯ ಗುಂಡಿಯನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಲಾಗಿತ್ತು. ಬಲಗೈ ಗುಂಡಿ ಒತ್ತುತ್ತಿತ್ತು, ಎಡಗೈ ಅಚ್ಚಿನ ಬಾಯಿಗೆ ತಗಡು ಉಣ್ಣಿಸುತ್ತಿತ್ತು. ಎದುರಿನ ಗೋಡೆಯ ಮೇಲೆ ಬಿಳಿ ಬಣ್ಣದಲ್ಲಿ ದಿನದ ಗುರಿ: ನಾಲ್ಕು ಸಾವಿರ.

ಭಾವ ಮೊದಲ ಪ್ರೆಸ್ಸಿನ ಹೆಂಗಸಿನ ಹತ್ತಿರ ಹೋದರು. ಐವತ್ತರ ಆಸುಪಾಸಿನ, ದವಡೆ ಬಿಗಿದ ಆ ಹೆಂಗಸನ್ನು ಅಲ್ಲಿ ಎಲ್ಲರೂ ದೊಡ್ಡಕ್ಕ ಅನ್ನುತ್ತಿದ್ದರು.

"ಇನ್ನೊಂದು ಕೈ ಎಲ್ಲಿಡಬೇಕಮ್ಮ?"

ಆಕೆ ಕೆಲಸ ನಿಲ್ಲಿಸಲಿಲ್ಲ. "ಸಾಹೇಬ್ರೇ, ನೀವು ಎರಡೂ ಕೈಯಲ್ಲಿ ಒತ್ತಿ ನಾಲ್ಕು ಸಾವಿರ ಹೊಡೆದು ತೋರಿಸಿ. ಆಮೇಲೆ ನನಗೆ ಬುದ್ಧಿ ಹೇಳೋರಂತೆ. ಈಗ ಸ್ವಲ್ಪ ಬೆಳಕು ಬಿಟ್ಟು ನಿಂತ್ಕೊಳ್ಳಿ."

ಬೇರೆ ಯಾರಾದರೂ ಆಗಿದ್ದರೆ ಮುಖ ಕೆಂಪಗೆ ಮಾಡಿಕೊಂಡು ನೋಟೀಸು ಬರೆದು ಹೊರಟುಹೋಗುತ್ತಿದ್ದರು. ಭಾವನಿಗೆ ಮಾತನ್ನು ಮಾತಾಗಿ ಬಿಡುವ ಜಾಯಮಾನವೇ ಇರಲಿಲ್ಲ. ಮಾರನೆಯ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಬಂದು, "ನಾನು ಹೊಡೀತೀನಿ" ಎಂದು ಪ್ರೆಸ್ಸಿನ ಮುಂದೆ ಕೂತೇಬಿಟ್ಟರು. ಮಾಲೀಕರಿಗೆ ಮೊದಲು ಅನುಮಾನ, ಆಮೇಲೆ ಮೋಜು. ಹೆಂಗಸರು ಮುಸಿಮುಸಿ ನಕ್ಕರು. ನಾನು ಬಾಗಿಲಲ್ಲಿ ನಿಂತು ನಾಚಿಕೆಯಿಂದ ನೆಲ ನೋಡುತ್ತಿದ್ದೆ. ಪಾಳಿ ಮುಗಿಯುವಾಗ ಅವರು ಹೊಡೆದ ಮುಚ್ಚಳಗಳು ಸಾವಿರದ ಒಂಬೈನೂರ ಆರು. ಬೆರಳುಗಳು ಮಡಚಲಾಗದಷ್ಟು ಊದಿಕೊಂಡಿದ್ದವು. ತಾವು ಹೊಸಬರು, ತಮ್ಮ ಲೆಕ್ಕ ಲೆಕ್ಕವಲ್ಲ ಎಂದು ಮರುದಿನ ದೊಡ್ಡಕ್ಕನನ್ನೇ ಬೇಡಿಕೊಂಡು, ಪಟ್ಟಿ ಬಿಚ್ಚಿಸಿ, ಎರಡು ಕೈಯಲ್ಲಿ ಹೊಡೆಸಿ, ತಾವು ಪಕ್ಕದಲ್ಲಿ ಕೂತು ಗೆರೆ ಎಳೆಯುತ್ತ ಎಣಿಸಿದರು. ಇಪ್ಪತ್ತು ವರ್ಷ ಪಳಗಿದ ಕೈ, ಉಸಿರು ಬಿಡದೆ ದುಡಿದರೂ ಮೂರು ಸಾವಿರದ ನೂರು ದಾಟಲಿಲ್ಲ.

ಆ ಸಂಜೆ ಅವರು ಮೇಲಿನ ಕಚೇರಿಗೆ ವರದಿ ಬರೆದರು: ಗುಂಡಿಯನ್ನು ಕಟ್ಟಿಹಾಕಿರುವುದು ಗೋಡೆಯ ಮೇಲಿನ ಸಂಖ್ಯೆ, ಅದನ್ನು ಇಳಿಸಿದ ಹೊರತು ಪಟ್ಟಿ ಬಿಚ್ಚಿಸಿ ಪ್ರಯೋಜನವಿಲ್ಲ. ಉತ್ಪಾದನೆಯ ಪ್ರಮಾಣ ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ತಾವು ಗುಂಡಿಗಳಿಗೆ ಸೀಮಿತರಾಗಿರತಕ್ಕದ್ದು ಎಂದು ಉತ್ತರ ಬಂತು. ಉತ್ಪಾದನೆ ನೋಡಿಕೊಳ್ಳುವ ಇಲಾಖೆಗೆ ಬರೆದರೆ, ಇದು ಸುರಕ್ಷತೆಯ ವಿಷಯವಾದ್ದರಿಂದ ನಿಮ್ಮದೇ ಇಲಾಖೆಗೆ ಬರೆಯಿರಿ ಎಂದರು. ಮಾಲೀಕರೋ ಕೈಮುಗಿದು, "ಅದು ನನ್ನ ಸಂಖ್ಯೆ ಅಲ್ಲ ಸ್ವಾಮಿ, ಮುಚ್ಚಳ ತಗೊಳ್ಳೋ ದೊಡ್ಡ ಕಂಪನಿಯವರದ್ದು. ಅವರನ್ನ ಕೇಳಿ" ಅಂದರು. ಹನ್ನೊಂದು ಪತ್ರಗಳು ಹೀಗೆ ಆ ಮೇಜಿಂದ ಈ ಮೇಜಿಗೆ ಅಲೆದವು. ಕೊನೆಗೆ ಭಾವ ತಮ್ಮ ಕೈಯಲ್ಲಿದ್ದ ಒಂದೇ ಅಧಿಕಾರವನ್ನು ಹಿಡಿದುಕೊಂಡರು: ಕೆಲಸದ ವೇಳೆಯಲ್ಲಿ ಯಾವಾಗ ಬೇಕಾದರೂ ಕಾರ್ಖಾನೆಯ ಒಳಗೆ ಹೋಗಬಹುದು. ವಾರಕ್ಕೆರಡು ದಿನ ಹೋಗಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಏನೂ ಮಾತಾಡದೆ ಆ ಹದಿನಾಲ್ಕು ಪ್ರೆಸ್ಸುಗಳ ನಡುವೆ ಸಂಜೆಯವರೆಗೆ ನಿಲ್ಲುವುದು. ಅವರಿದ್ದ ದಿನ ಪಟ್ಟಿಗಳು ಬಿಚ್ಚಿರುತ್ತಿದ್ದವು. ಇಲ್ಲದ ದಿನ ಮತ್ತೆ ಬಿಗಿದಿರುತ್ತಿದ್ದವು. ಅವರಿಗೂ ಇದು ಗೊತ್ತಿತ್ತು. "ಎರಡು ದಿನ ಆದ್ರೂ ಆಯ್ತಲ್ಲೋ" ಅನ್ನುವರು. ಉಳಿದ ಆರುನೂರ ಹನ್ನೊಂದು ಎಂದು ನಾನು ನೆನಪಿಸಿದರೆ ಸ್ಕೂಟರಿನತ್ತ ನಡೆದುಬಿಡುವರು.

ನನಗೆ ರೋಸಿಹೋಯಿತು. ನನಗಿದ್ದ ಬಿಡುವೇ ವಾರಕ್ಕೆರಡು ದಿನ, ಅವೆರಡೂ ಆ ಗಡಗಡ ಸದ್ದಿನ ಬಾಗಿಲಲ್ಲೇ ಕಳೆಯುತ್ತಿದ್ದವು. ಒಂದು ಗುರುವಾರ ಬೆಳಿಗ್ಗೆ ಅವರು ಕೋಟು ಹಾಕಿಕೊಂಡು ಬಂದಾಗ, "ಸ್ಕೂಟರ್ ಕೆಟ್ಟಿದೆ ಭಾವ, ಇವತ್ತೊಂದು ದಿನ ಬಿಡಿ" ಎಂದುಬಿಟ್ಟೆ. ಸ್ಕೂಟರಿಗೆ ಏನೂ ಆಗಿರಲಿಲ್ಲ. ಅವರು ಸರಿ ಎಂದು ಕಚೇರಿಗೆ ನಡೆದುಹೋದರು.

ಆ ಮಧ್ಯಾಹ್ನ ದೊಡ್ಡಕ್ಕನ ಎಡಗೈಯ ಮೂರು ಬೆರಳುಗಳು ಹೋದವು.

ಆಸ್ಪತ್ರೆಗೆ ಸ್ಕೂಟರಿನಲ್ಲೇ ಹೋದೆವು. ಅದು ಒಂದೇ ಒದೆತಕ್ಕೆ ಸ್ಟಾರ್ಟ್ ಆಯಿತು. ವಾರ್ಡಿನಲ್ಲಿ ದೊಡ್ಡಕ್ಕ ಬ್ಯಾಂಡೇಜು ಸುತ್ತಿದ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಗೋಡೆಗೊರಗಿ ಕೂತಿದ್ದರು. ನಮಗಿಂತ ಮೊದಲೇ ಕಾರ್ಖಾನೆಯ ಮ್ಯಾನೇಜರ್ ಬಂದು ಒಂದು ಕಾಗದ ಇಟ್ಟು ಹೋಗಿದ್ದ: ಕಾರ್ಮಿಕಳ ಅಜಾಗರೂಕತೆಯಿಂದ ನಡೆದ ಅಪಘಾತ. ಅದಕ್ಕೆ ಸಹಿ ಹಾಕಿದರೆ ಪರಿಹಾರವೂ ಇಲ್ಲ, ಮತ್ತೆ ಕೆಲಸವೂ ಇಲ್ಲ.

"ಪಟ್ಟಿ ಕಟ್ಟಿದ್ದು ನಾನೇ ಸಾಹೇಬ್ರೇ," ಅಂದರು ಆಕೆ. "ಸುಳ್ಳು ಯಾಕೆ ಹೇಳ್ಲಿ."

"ಕಟ್ಟಿದ್ದು ನೀವು. ಕಟ್ಟಿಸಿದ್ದು ಯಾರು ಅಂತ ನಾನು ಬರೀತೀನಿ. ಅಲ್ಲಿವರೆಗೂ ಸಹಿ ಹಾಕ್ಬೇಡಿ."

"ಬರೆದ್ರೆ ಬೆರಳು ಬರತ್ತಾ?"

"ಇಲ್ಲಮ್ಮ" ಅಂದರು ಭಾವ. ಆಮೇಲೆ, "ಪಕ್ಕದ ಪ್ರೆಸ್ಸುಗಳಲ್ಲಿ ಇನ್ನೂ ಹದಿಮೂರು ಜನ ಇದಾರೆ" ಅಂದರು. ಆಕೆ ಮುಖ ಆ ಕಡೆ ತಿರುಗಿಸಿಕೊಂಡರು. ಕಾಗದವನ್ನು ಮಾತ್ರ ದಿಂಬಿನ ಕೆಳಗೆ ತಳ್ಳಿದರು.

ಹೊರಗೆ ಬಂದಮೇಲೆ ನಾನೇ ಬಾಯಿಬಿಟ್ಟೆ. ಸ್ಕೂಟರ್ ಕೆಟ್ಟಿರಲಿಲ್ಲ ಭಾವ, ನನಗೆ ಸಾಕಾಗಿತ್ತು ಎಂದೆ. ಬೈದಿದ್ದರೆ ಸಮಾಧಾನವಾಗುತ್ತಿತ್ತು. "ಬಸ್ಸಿತ್ತಲ್ಲೋ," ಅಂದರು. "ನಾನು ಬಸ್ಸಿಗೆ ಹೋಗಬಹುದಾಗಿತ್ತು. ನನಗೂ ಸಾಕಾಗಿತ್ತು ಅನ್ಸತ್ತೆ."

ವಿಚಾರಣೆ ನಡೆಯಿತು. ಎರಡು ದಿನ ಗೆರೆ ಎಳೆದು ಎಣಿಸಿದ ನೋಟ್‌ಬುಕ್ಕನ್ನು ಭಾವ ಮೇಜಿನ ಮೇಲಿಟ್ಟರು. ಮಾಲೀಕರ ವಕೀಲರು ನಗುತ್ತ, "ತಾವು ಇನ್‌ಸ್ಪೆಕ್ಟರೋ, ಮುಚ್ಚಳ ಹೊಡೆಯೋ ಕೂಲಿಯೋ?" ಎಂದು ಕೇಳಿದರು. "ಒಂದು ದಿನ ಕೂಲಿ ಆಗಿದ್ದೆ. ಅದಕ್ಕೇ ಗೊತ್ತಾಯ್ತು" ಎಂಬ ಉತ್ತರಕ್ಕೆ ವಿಚಾರಣಾಧಿಕಾರಿಗಳೂ ತಲೆಯೆತ್ತಿ ನೋಡಿದರು. ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಅವರ ವರದಿಯ ಕೊನೆಯಲ್ಲಿ, ಅಪಘಾತದ ಕಾರಣಗಳ ಪಟ್ಟಿಯಲ್ಲಿ, ಒಂದು ಸಾಲು ಹೆಚ್ಚಿಗೆ ಇತ್ತು: ಅಂದು ನಡೆಯಬೇಕಿದ್ದ ತಪಾಸಣೆ ನಡೆಯಲಿಲ್ಲ, ಹೊಣೆ ನನ್ನದು. ವಕೀಲರು ಅದನ್ನು ಮೂರು ಸಲ ಓದಿದರು.

"ಅದನ್ನ ಯಾಕೆ ಬರೆದ್ರಿ ಭಾವ?" ಎಂದು ಹೊರಗೆ ಮೆಟ್ಟಿಲ ಮೇಲೆ ನಾನು ಕಿರುಚಿದೆ. "ಯಾರು ಕೇಳಿದ್ರು ನಿಮ್ಮನ್ನ?"

"ನಡೆದಿದ್ದು ಹೌದಲ್ವೇನೋ?"

ಕಾರ್ಖಾನೆಯ ಗುರಿಯನ್ನು ಮೂರು ಸಾವಿರಕ್ಕೆ ಇಳಿಸಬೇಕು, ದೊಡ್ಡಕ್ಕನಿಗೆ ಪರಿಹಾರವನ್ನೂ ಮುಚ್ಚಳ ಪರೀಕ್ಷಿಸುವ ವಿಭಾಗದಲ್ಲಿ ಕೆಲಸವನ್ನೂ ಕೊಡಬೇಕು ಎಂದು ಆದೇಶವಾಯಿತು. ಕರ್ತವ್ಯಲೋಪವನ್ನು ತಾವೇ ಒಪ್ಪಿಕೊಂಡ ಇನ್‌ಸ್ಪೆಕ್ಟರರನ್ನು ಕೇಂದ್ರ ಕಚೇರಿಯ ದಾಖಲೆ ಕೋಣೆಗೆ ವರ್ಗ ಮಾಡಲಾಯಿತು. ಅಕ್ಕ ಮೂರು ದಿನ ಅವರೊಡನೆ ಮಾತು ಬಿಟ್ಟಳು. ನಾಲ್ಕನೆಯ ದಿನ, "ಹೋಗ್ಲಿ, ಇನ್ಮೇಲಾದ್ರೂ ಹೊತ್ತಿಗೆ ಸರಿಯಾಗಿ ಊಟಕ್ಕೆ ಬರ್ತೀರಲ್ಲ" ಎಂದು ಅಳುತ್ತ ಬಡಿಸಿದಳು. ದಾಖಲೆ ಕೋಣೆಯಲ್ಲಿ ಅವರು ನಿವೃತ್ತಿಯವರೆಗೆ ಮಾಡಿದ್ದು, ಉತ್ತರ ಬರದ ಹಳೆಯ ಅಪಘಾತ ವರದಿಗಳನ್ನು ಹುಡುಕಿ ತೆಗೆದು, ಒಂದೊಂದಕ್ಕೂ ಜ್ಞಾಪನಾಪತ್ರ ಬರೆದದ್ದು. ಅಲ್ಲಿನವರಿಗೂ ಅವರು ತಲೆನೋವಾದರೆಂದು ಬೇರೆ ಹೇಳಬೇಕಿಲ್ಲ.

ಎರಡು ವರ್ಷದ ಮೇಲೆ ನಾನೊಬ್ಬನೇ ಆ ಕಾರ್ಖಾನೆಯ ಮುಂದೆ ಹೋಗುವಾಗ ಪಾಳಿ ಬಿಟ್ಟಿತ್ತು. ದೊಡ್ಡಕ್ಕ ನನ್ನನ್ನು ಗುರುತಿಸಿ ನಿಂತರು. ಗೋಡೆಯ ಮೇಲೆ ಇನ್ನೂ ಮೂರು ಸಾವಿರವೇ ಇದೆ, ಹೊಸ ಇನ್‌ಸ್ಪೆಕ್ಟರ್ ಒಮ್ಮೆಯೂ ಬಂದಿಲ್ಲ ಎಂದರು. ಆದರೂ ಪಟ್ಟಿ ಕಟ್ಟುತ್ತಿಲ್ಲವೇ ಎಂದೆ. "ಕಟ್ಟೋಕೆ ಬಿಡ್ತೀನಾ ನಾನು?" ಅಂದರು ಆಕೆ. ಭಾವನ ಬಗ್ಗೆ ಒಂದು ಒಳ್ಳೆಯ ಮಾತಾಡಿಯಾರೆಂದು ಕಾದೆ. "ನಿಮ್ಮ ಭಾವ ಬಹಳ ಪೀಡಿಸ್ತಿದ್ರಪ್ಪ" ಎಂದಷ್ಟೇ ಹೇಳಿ ಬಸ್ಸು ಹತ್ತಿದರು.

ಅದು ನಿಜ. ಇಂಥವರ ಜೊತೆ ಒಂದೇ ಸೂರಿನಡಿ ಬದುಕುವುದು ಸುಲಭವಲ್ಲ, ಅವರನ್ನು ಹೊಗಳುವುದು ಇನ್ನೂ ಕಷ್ಟ. ಬೆರಳು ಹೋದರೆ ಹಣೆಬರಹ, ಗೋಡೆ ಕುಸಿದರೆ ಗ್ರಹಚಾರ ಎಂದು ನಾವೆಲ್ಲ ನಿಟ್ಟುಸಿರಿಟ್ಟು ಮನೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಇವರು ಅಡ್ಡ ನಿಂತು, ನಮ್ಮ ಬಾಯಿಂದ ಆ ಎರಡು ತಂಪಾದ ಮಾತುಗಳನ್ನು ಕಿತ್ತುಕೊಂಡು, ಅವುಗಳ ಜಾಗದಲ್ಲಿ ಒಂದು ತಾರೀಖು, ಒಂದು ಅಳತೆ, ಒಂದು ಹೆಸರು ಬರೆದಿಡುತ್ತಾರೆ. ಆ ಹೆಸರು ತಮ್ಮದೇ ಆದರೂ ಬರೆಯದೆ ಬಿಡುವುದಿಲ್ಲ. ವಿಧಿಯನ್ನು ಕ್ಷಮಿಸುವುದು ನಮಗೆ ಬಂದೀತು. ಅದು ವಿಧಿಯಲ್ಲ, ಒಂದು ಗುರುವಾರದ ಸೋಮಾರಿತನ ಎಂದು ತೋರಿಸಿಕೊಟ್ಟವರನ್ನು ಕ್ಷಮಿಸಲು ಮಾತ್ರ ನಮಗೆ ಬಹಳ ಕಾಲ ಬೇಕಾಗುತ್ತದೆ.