ಕುದಿಸಪ್ಪನೂ ಒಳ್ಳೆಯ ಬ್ಯಾಕ್ಟೀರಿಯಾಗಳೂ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕತ್ತರಿ, ಚಿಮಟಗಳನ್ನು ಬಿಸಿ ಆವಿಯಲ್ಲಿಟ್ಟು ಕ್ರಿಮಿ ಕೊಲ್ಲುವುದು ಅವನ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ ಮೇಲೆ ಜನ ಅವನ ನಿಜವಾದ ಹೆಸರು ಮರೆತು ಕುದಿಸಪ್ಪ ಎನ್ನುತ್ತಿದ್ದರು. ಅವನಿಗೆ ಅದು ಬಿರುದು. ಮನೆಯಲ್ಲೂ ಚಮಚ, ಬಾಚಣಿಗೆ, ಒಮ್ಮೆ ಹೆಂಡತಿಯ ಕನ್ನಡಕ ಕೂಡ ಕುದಿದದ್ದುಂಟು. ಕನ್ನಡಕ ಸೊಟ್ಟಗಾಯಿತೇ ಹೊರತು ಅವನ ನಂಬಿಕೆ ಅಲ್ಲಾಡಲಿಲ್ಲ.

ಇಂಥ ಮನೆಯಲ್ಲೇ ಎಂಟು ವರ್ಷದ ಮಗಳಿಗೆ ತಿಂಗಳಿಗೊಮ್ಮೆ ಗಂಟಲು ಬಾತು ಜ್ವರ ಬರುತ್ತಿತ್ತು. ಅವನ ಆಸ್ಪತ್ರೆಯದೇ ಕಿವಿ-ಮೂಗು-ಗಂಟಲಿನ ಡಾಕ್ಟರಮ್ಮ ಟಾನ್ಸಿಲ್ ಆಪರೇಷನ್ನಿನ ಮಾತೆತ್ತಿದಾಗ ಮಗು ಅಪ್ಪನ ಬೆನ್ನ ಹಿಂದೆ ಅವಿತಿತು.

"ಕತ್ತರಿ ಹಾಕ್ಸಲ್ಲ ಕಂದ, ನಾನಿದ್ದೀನಲ್ಲ" ಎಂದು ಅವನು ಮಾತು ಕೊಟ್ಟುಬಿಟ್ಟ.

ಡಾಕ್ಟರಮ್ಮ ಚೀಪುವ ಮಾತ್ರೆಯೊಂದನ್ನು ಬರೆದುಕೊಟ್ಟರು. "ಇದ್ರಲ್ಲಿ ಒಳ್ಳೆ ಬ್ಯಾಕ್ಟೀರಿಯಾ ಇರುತ್ತೆ. ಅವು ಗಂಟಲಲ್ಲಿ ನೆಲೆ ನಿಂತ್ರೆ ಕೆಟ್ಟವಕ್ಕೆ ಜಾಗ ಸಿಗಲ್ಲ. ಎಲ್ರಿಗೂ ಗುಣ ಕಾಣುತ್ತೆ ಅಂತ ಹೇಳೋಕಾಗಲ್ಲ, ಮೂರು ತಿಂಗಳು ನೋಡೋಣ. ಚೀಪಿದ ಮೇಲೆ ಅರ್ಧ ಗಂಟೆ ಬಾಯಿ ಮುಕ್ಕಳಿಸಬಾರದು."

ಕುದಿಸಪ್ಪನಿಗೆ ಮೈಯೆಲ್ಲ ಉರಿಯಿತು. "ಒಳ್ಳೇವು ಅಂತ ಹಣೆ ಮೇಲೆ ಬರ್ಕೊಂಡು ಬರ್ತಾವೇನೇ?" ಎಂದು ಮನೆಗೆ ಬಂದು ಹೆಂಡತಿಯನ್ನು ಕೇಳಿದ.

"ಅವ್ರು ನಿಮಗಿಂತ ಜಾಸ್ತಿ ಓದಿದ್ದಾರೆ, ಸುಮ್ನೆ ಕೊಡ್ರಿ" ಎಂದಳು ಅವಳು. ಬೆಳಿಗ್ಗೆ ಅವಳು ಬೇಗ ಕೆಲಸಕ್ಕೆ ಹೋಗುವುದರಿಂದ ಕೊಡುವ ಪಾಳಿ ಅವನದೇ.

ಅವನು ಕೊಟ್ಟ. ಮಾತ್ರೆ ಕರಗಿದ ಕೂಡಲೇ ಬಾಯಿಯ ಕ್ರಿಮಿ ಕೊಲ್ಲುವ ಔಷಧಿನೀರನ್ನೂ ಕೊಟ್ಟ. "ಚೆನ್ನಾಗಿ ಮುಕ್ಕಳಿಸಿ ಉಗಿ. ಅಮ್ಮಂಗೆ ಹೇಳ್ಬೇಡ." ನೆಂಟರನ್ನು ಮುಂಬಾಗಿಲಲ್ಲಿ ಬನ್ನಿ ಎಂದು ಕರೆದು ಹಿತ್ತಲಿಂದ ಕುತ್ತಿಗೆ ಹಿಡಿದು ದಬ್ಬಿದಂತಾಯಿತು.

ಮೂರು ತಿಂಗಳಲ್ಲಿ ಮೂರು ಸಲ ಜ್ವರ ಬಂತು.

"ಸರಿಯಾಗಿ ಕೊಟ್ರಾ?" ಎಂದರು ಡಾಕ್ಟರಮ್ಮ.

"ಒಂದಿನಾನೂ ತಪ್ಪಿಸಿಲ್ಲ ಮೇಡಂ."

ಮಗಳು ಅಪ್ಪನ ಮುಖ ನೋಡಿದಳು. ಆಪರೇಷನ್ ಶುಕ್ರವಾರಕ್ಕೆ ನಿಗದಿಯಾಯಿತು.

ಗುರುವಾರ ಗಂಟಲಿನ ಆಪರೇಷನ್ನಿನ ಟ್ರೇ ನೆಲಮಾಳಿಗೆಗೆ ಬಂತು. ಮರುದಿನದ ಪಟ್ಟಿಯಲ್ಲಿದ್ದ ಗಂಟಲು ಒಂದೇ ಒಂದು. ಸಾವಿರ ಸಲ ಮುಟ್ಟಿದ್ದ ಬಾಗಿದ ಕತ್ತರಿಯನ್ನು ಎತ್ತಿಕೊಂಡ. ಅದು ಇಷ್ಟು ಉದ್ದವಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ. ಅದನ್ನು ಟ್ರೇಯಲ್ಲಿ ಹಾಗೇ ವಾಪಸ್ಸಿಟ್ಟ. ತನ್ನ ಮೇಲೇ ತನಗೆ ಹೇಸಿಗೆಯಾಯಿತು. ಮಷಿನ್ನಿನ ಬಾಗಿಲು ತೆರೆದಿಟ್ಟೇ ಮೆಟ್ಟಿಲು ಹತ್ತಿದ.

ಡಾಕ್ಟರಮ್ಮ ನರ್ಸುಗಳ ನಡುವೆ ನಿಂತಿದ್ದರು.

"ನಾನೇ ಕೊಂದೆ ಮೇಡಂ" ಎಂದ.

ಎಲ್ಲರೂ ಬೆಚ್ಚಿದರು. "ಯಾರನ್ನ?"

"ಆ ಒಳ್ಳೇವನ್ನ. ದಿನಾ ಬೆಳಿಗ್ಗೆ ಔಷಧಿನೀರಲ್ಲಿ ಮಗು ಬಾಯಿ ಮುಕ್ಕಳಿಸೋ ಹಾಗೆ ಮಾಡಿ."

ನರ್ಸೊಬ್ಬಳು ನಗು ತಡೆಯಲು ಕೈಯಿಂದ ಬಾಯಿ ಮುಚ್ಚಿಕೊಂಡಳು. ಡಾಕ್ಟರಮ್ಮ ನಗಲಿಲ್ಲ. "ಜ್ವರ ನಿಮ್ಮಿಂದಾನೇ ಬಂತು ಅನ್ನಲ್ಲ. ಆದ್ರೆ ಮಾತ್ರೆ ಕೆಲಸ ಮಾಡುತ್ತೋ ಇಲ್ವೋ, ನಮಗೆ ಗೊತ್ತೇ ಆಗ್ಲಿಲ್ಲ. ಆಪರೇಷನ್ ಮುಂದಕ್ಕೆ ಹಾಕ್ತೀನಿ. ಇನ್ನು ಮೂರು ತಿಂಗಳು. ಈ ಸಲ ನೀವು ಕೊಡ್ಬೇಡಿ, ಅವಳೇ ತಗೊಳ್ಳಲಿ."

ಮರುದಿನ ಬೆಳಿಗ್ಗೆ ಮಗಳು ಕೆನ್ನೆಯಲ್ಲಿ ಮಾತ್ರೆ ಇಟ್ಟುಕೊಂಡು ಗಡಿಯಾರ ನೋಡುತ್ತ ಕೂತಳು. ಅವನು ಎರಡೂ ಕೈ ಹಿಂದೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಅಪ್ಪ," ಎಂದಳು, "ನೀನು ಹೊರಗಿರು."

ಅವನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಒಳಗಿಂದ ಅವಳು ಚಿಲಕ ಹಾಕಿಕೊಂಡದ್ದು ಕೇಳಿಸಿತು.