ಸೊನ್ನೆಗಷ್ಟೇ ನಿಜವಾದ ಉತ್ತರ

ಸೇಡಂ ಕಡೆಯ ಮುಧೋಳದ ಗುರುದೇವಿ ಸೊಸೆ ಬಂದ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕಟ್ಟಿದಳು. ಮದುವೆಯ ಗಡಿಬಿಡಿಯಲ್ಲಿ ಎಂದೋ ಬಿಟ್ಟುಹೋದ ಪರೀಕ್ಷೆ ಅದು. "ಈ ವಯಸ್ಸಿನಾಗ ಯಾಕ?" ಎಂದು ಕೇಳಿದವರಿಗೆಲ್ಲ "ಹುಕಿ ಬಂದದ" ಎನ್ನುತ್ತಿದ್ದಳು. ಸೊಸೆ ಶೈಲಶ್ರೀ ಹೈಸ್ಕೂಲಿನಲ್ಲಿ ಗಣಿತ ಟೀಚರು. ಸಂಜೆ ರೊಟ್ಟಿ ಬಡಿಯುವ ಹೊತ್ತೇ ಅತ್ತೆಗೆ ಪಾಠದ ಹೊತ್ತು.

ವರ್ಗಮೂಲ ಗುರುದೇವಿಗೆ ಬಲು ಬೇಗ ಹಿಡಿಸಿತು. ಎಪ್ಪತ್ತೆರಡು ಎಕ್ಸ್ ಘನದ ವರ್ಗಮೂಲ ಕೇಳಿದರೆ ಹಿಟ್ಟಿನ ಕೈಯಲ್ಲೇ ಬಿಡಿಸುವಳು.

"ಎರಡರದೊಂದು ಜೋಡಿ, ಮೂರರದೊಂದು ಜೋಡಿ, ಎಕ್ಸಿಂದೊಂದು ಜೋಡಿ. ಜೋಡಿಗೊಂದು ಹೊರಗ ಬಂತು, ಆರು ಎಕ್ಸ್. ಜೋಡಿ ಸಿಗಲಾರದ ಎರಡು ಎಕ್ಸ್ ಒಳಗೇ ಉಳೀತು."

"ಭಾಳ ಛಂದ ಅತ್ತಿ! ಹಂಗಾದ್ರ ಎಕ್ಸ್ ವರ್ಗ ಪ್ಲಸ್ ಒಂಬತ್ತು, ಇದರ ವರ್ಗಮೂಲ ಹೇಳ್ರಿ."

"ಅದೇನು ದೊಡ್ಡದು? ಎಕ್ಸ್ ಪ್ಲಸ್ ಮೂರು."

"ತಪ್ಪಾತ್ರಿ. ಗುಣಾಕಾರ ಇದ್ರ ಜೋಡಿ ಹೊರಗ ತೆಗೀಬಹುದು, ಕೂಡಿದ್ದು ಇದ್ರ ಆಗಂಗಿಲ್ಲ. ಎಕ್ಸಿಗೆ ನಾಕು ಇಟ್ಟು ನೋಡ್ರಿ."

ಹದಿನಾರು, ಒಂಬತ್ತು, ಇಪ್ಪತ್ತೈದು. ವರ್ಗಮೂಲ ಐದು. ಗುರುದೇವಿಯ ಲೆಕ್ಕದಲ್ಲಿ ಏಳು. ಅವಳಿಗೆ ಸಿಟ್ಟೇ ಬಂತು. ಒಂಬತ್ತರ ವರ್ಗಮೂಲ ಮೂರು ಹೌದು, ಎಕ್ಸ್ ವರ್ಗದ್ದು ಎಕ್ಸ್ ಹೌದು, ಎರಡೂ ಕೂಡಿದರೆ ಮಾತ್ರ ಅಲ್ಲವೆಂದರೆ ಹೇಗೆ?

ಮರುದಿನ ತೊಗರಿ ಹೊಲದಲ್ಲಿ ಬುತ್ತಿ ಬಿಚ್ಚುತ್ತಲೇ ಅವಳ ತುಟಿ ಆಡತೊಡಗಿತ್ತು. ಗಂಡ ಬಸವಂತರಾಯ ಕೇಳಿದ, "ಯಾರ ಜೋಡಿ ಮಾತಾಡ್ಲಿಕತ್ತಿ?"

"ಎಕ್ಸ್ ಜೋಡಿ."

"ಅಂವ ಯಾರು?"

"ಸುಮ್ಮ ಊಟ ಮಾಡ್ರಿ!"

ಎಕ್ಸಿಗೆ ಒಂದು ಇಟ್ಟಳು, ಹೊಂದಲಿಲ್ಲ. ಎರಡು ಇಟ್ಟಳು, ಅದೂ ಇಲ್ಲ. ಕೊನೆಗೆ ಹೊತ್ತು ಇಳಿಯುವಾಗ ಹಟದಿಂದ ಸೊನ್ನೆ ಇಟ್ಟಳು. ಒಂಬತ್ತರ ವರ್ಗಮೂಲ ಮೂರು. ಸೊನ್ನೆ ಪ್ಲಸ್ ಮೂರೂ ಮೂರೇ! ಬುತ್ತಿಯ ಬುಟ್ಟಿ ಅಲ್ಲೇ ಬಿಟ್ಟು ಮನೆಗೆ ಬಂದು, ಶಾಲೆಯಿಂದ ಆಗಷ್ಟೇ ಬಂದಿದ್ದ ಸೊಸೆಯನ್ನು ಅಂಗಳದಲ್ಲೇ ತಡೆದಳು.

"ಸೊನ್ನಿಗೆ ನಂದು ಖರೆ ಅದ!"

ಶೈಲಶ್ರೀ ಬಿದ್ದು ಬಿದ್ದು ನಕ್ಕಳು. "ಖರೆ ಅದರಿ. ಆದ್ರ ಎಕ್ಸ್ ಅಂದ್ರ ಸೊನ್ನಿ ಒಂದೇ ಅಲ್ಲಲ್ಲ? ಯಾವುದು ಇಟ್ರೂ ಉತ್ತರ ನಿಲ್ಲಬೇಕು. ಈಗ ನಿಮ್ಮ ಎಕ್ಸ್ ಪ್ಲಸ್ ಮೂರನ್ನ ಅದರಿಂದಲೇ ಗುಣಿಸ್ರಿ."

ಗುರುದೇವಿ ಬಾಗಿಲ ಮುಂದಿನ ಪರಸಿಕಲ್ಲಿನ ಮೇಲೆ ಸೀಮೆಸುಣ್ಣದ ಕಡ್ಡಿಯಿಂದ ಬರೆಯುತ್ತ ಹೋದಳು. ಎಕ್ಸ್ ವರ್ಗ ಬಂತು, ಒಂಬತ್ತು ಬಂತು. ಎರಡರ ನಡುವೆ ಆರು ಎಕ್ಸ್ ಎಂಬುದೂ ಬಂದು ಕೂತಿತು. ಅವಳು ಅದನ್ನೇ ದಿಟ್ಟಿಸಿದಳು.

"ಇದು ಲೆಕ್ಕದಾಗ ಇರಲೇ ಇಲ್ಲ. ಅದಕ್ಕೇ ಹೊಂದಂಗಿಲ್ಲ!" ಎಂದವಳ ದನಿ ಏರಿತು. "ಮತ್ತ ಎಕ್ಸ್ ಸೊನ್ನಿ ಆದಾಗ ಈ ಆರು ಎಕ್ಸೂ ಸೊನ್ನಿ. ಅದಕ್ಕೇ ಆವಾಗಷ್ಟೇ ನಂದು ಖರೆ ಆತು! ಹೌದಿಲ್ಲೋ ಶೈಲಾ?"

"ಇದನ್ನ ನಾ ಹೇಳೇ ಇಲ್ಲಲ್ರಿ ಅತ್ತಿ," ಎಂದು ಶೈಲಶ್ರೀ ಅತ್ತೆಯನ್ನು ತಬ್ಬಿಕೊಂಡಳು. ಹಿಂದೆಯೇ ಬುಟ್ಟಿ ಹೊತ್ತು ಬಂದ ಬಸವಂತರಾಯನಿಗೆ ಏನೂ ತಿಳಿಯದಿದ್ದರೂ ನಗೆ ತಡೆಯಲಾಗಲಿಲ್ಲ.

ಸೇಡಂನಲ್ಲಿ ಪರೀಕ್ಷೆ ಬರೆದು ಹೊರಬಂದಾಗ ಗುರುದೇವಿಯ ಅರಳಿದ ಮುಖವೇ ಎಲ್ಲ ಹೇಳಿತ್ತು. ಫಲಿತಾಂಶದ ದಿನ ಬಸವಂತರಾಯ ಪೇಡೆ ತಂದ. "ಮೊದಲ ನೀವು ತಿನ್ರಿ ಅತ್ತಿ," ಎಂದು ಶೈಲಶ್ರೀ ಎಷ್ಟು ಹೇಳಿದರೂ ಕೇಳದೆ ಗುರುದೇವಿ ದೊಡ್ಡದೊಂದು ಪೇಡೆ ಆರಿಸಿ ಸೊಸೆಯ ಬಾಯಿಗೆ ತುರುಕಿದಳು.