ಮುಟ್ಟಿ ನೋಡಿ ಕೊಂಡ ಫೋನು

ಬೇಸಿಗೆ ಶುರುವಾಗಿ ಹತ್ತು ದಿನ, ಮಧ್ಯಾಹ್ನ ಮೂರರ ಹೊತ್ತು. ದರ್ಜಿ ಮುಂದಿನ ಕೋಣೆಯಲ್ಲಿ ಕೋಟಿಗೆ ಕಾಲರ್ ಕೂರಿಸುತ್ತಿದ್ದ. ಹೆಂಡತಿ ಒಳಗೆ ಮಲಗಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ. ತೋಳಿಗೆ ಅಂಟಿಸಿದ ಪುಟ್ಟ ಬಿಲ್ಲೆಯೊಂದು ರಕ್ತದ ಸಕ್ಕರೆ ಅಳೆಯುತ್ತಿತ್ತು. ತೀರಾ ಇಳಿದರೆ ಅವಳ ಫೋನು ಬೀದಿಗೆಲ್ಲ ಕೇಳುವ ಹಾಗೆ ಕೂಗಬೇಕು.

ಅವತ್ತು ಕೂಗಲಿಲ್ಲ. ದರ್ಜಿ ನೀರು ಕುಡಿಯಲು ಒಳಗೆ ಹೋದ. ಹೆಂಡತಿ ಬೆವರಲ್ಲಿ ತೊಯ್ದು ಏನೇನೋ ತೊದಲುತ್ತಿದ್ದಳು. ಎತ್ತಿ ಕೂರಿಸಿ ಗುಟುಕು ಗುಟುಕಾಗಿ ಸಕ್ಕರೆ ನೀರು ಕುಡಿಸಿದ. ಕಾಲು ಗಂಟೆಯ ಮೇಲೆ ಅವಳು ಅವನ ಗುರುತು ಹಿಡಿದಳು.

ಫೋನು ರಿಪೇರಿ ಮಾಡುವ ನಾದಿನಿ ಓಡಿ ಬಂದು ನೋಡಿ, ಫೋನು ಹಳೇದು ಎಂದಳು. ಆ ಫೋನನ್ನು ದರ್ಜಿಯೇ ಹಿಂದಿನ ವಾರ ತಂದದ್ದು. ಅಂಗಡಿಯಲ್ಲಿ ಒಂದೇ ಬೆಲೆಗೆ ಎರಡಿದ್ದವು. ಬಟ್ಟೆ ನೋಡುವ ಹಾಗೆ ಬೆರಳಲ್ಲಿ ಸವರಿ, ತೂಕವಿರುವ, ಗಾಜಿನ ಬೆನ್ನಿನದನ್ನು ಆರಿಸಿದ್ದ. ಪ್ಲಾಸ್ಟಿಕ್ಕಿನದನ್ನು ಪಕ್ಕಕ್ಕೆ ತಳ್ಳಿದ್ದ.

"ಸೀಲು ನಾನೇ ಒಡೆದದ್ದಮ್ಮ. ಅದು ಹಳೇದು ಹೇಗಾಗುತ್ತೆ?" ಎಂದ ದರ್ಜಿ.

"ಭಾವ, ಡಬ್ಬಿ ಹೊಸದು, ಫೋನು ಆರು ವರ್ಷದ ಹಿಂದಿನ ಮಾಡೆಲ್ಲು. ಅದರ ಸಾಫ್ಟ್‌ವೇರನ್ನ ಕಂಪನಿ ಕೈಬಿಟ್ಟು ಎರಡು ವರ್ಷ ಆಯ್ತು. ಬಿಲ್ಲೆಯ ಆ್ಯಪು ಇದರಲ್ಲಿ ಇನ್ನು ನಡೆಯಲ್ಲ ಅಂತ ಬೆಳಗ್ಗೆನೇ ತೆರೆ ಮೇಲೆ ಬಂದಿದೆ. ಯಾರೂ ಓದಿಲ್ಲ."

ಹಾಗಾದರೆ ಅಂಗಡಿಯಲ್ಲೇ ದುಬಾರಿಯಾದದ್ದು ತರಬೇಕಿತ್ತೇ ಎಂದು ದರ್ಜಿ ಕೇಳಿದ. ಬೇಡ ಎಂದಳು ನಾದಿನಿ. ಅವನು ತಳ್ಳಿದ ಪ್ಲಾಸ್ಟಿಕ್ಕಿನ ಫೋನಿಗೆ ಕಂಪನಿ ಇನ್ನೂ ಐದು ವರ್ಷ ಅಪ್ಡೇಟ್ ಕೊಡುತ್ತದೆ. ಹಳೆ ಮಾಡೆಲ್ಲನ್ನೂ ತರಬಹುದು, ಬೆಲೆ ಇಳಿದಿದ್ದರೆ, ಅಪ್ಡೇಟಿನ ವರ್ಷಗಳು ಬಾಕಿ ಇದ್ದರೆ.

ದಿಂಬಿಗೊರಗಿದ್ದ ಹೆಂಡತಿ ಮೆಲ್ಲಗೆ ಹೇಳಿದಳು: "ಊರಿನವರ ತೋಳೆಲ್ಲ ಎರಡೆರಡು ಸಲ ಅಳೀತಾರೆ. ನನ್ನ ಫೋನಿಗೆ ಮಾತ್ರ ಟೇಪು ಸಿಗಲಿಲ್ಲ."

ಮರುದಿನವೇ ಗಾಜಿನ ಫೋನು ಹೋಗಿ ಪ್ಲಾಸ್ಟಿಕ್ಕಿನದು ಬಂತು.

ಕೊಳ್ಳುವವರೇ, ಹೊಳಪಿಗೆ ಮರುಳಾಗಬೇಡಿ. ಈ ಮಾಡೆಲ್ ಬಂದು ಎಷ್ಟು ವರ್ಷವಾಯಿತು, ಅಪ್ಡೇಟ್ ಇನ್ನೆಷ್ಟು ವರ್ಷ ಬರುತ್ತದೆ ಎಂದು ಅಂಗಡಿಯವನನ್ನು ಬಾಯಿಬಿಟ್ಟು ಕೇಳಿ. ನಿಮಗೆ ಬೇಕೇಬೇಕಾದ ಆ್ಯಪು ಅದರಲ್ಲಿ ನಡೆಯುತ್ತದೆಯೇ ಎಂದು ನಿಂತು ನೋಡಿ, ಆಮೇಲೆ ಚೀಲಕ್ಕೆ ಹಾಕಿ.

ದರ್ಜಿಯ ಹೆಂಡತಿ ಭಾನುವಾರ ಬೆಳಗ್ಗೆ ಹೊಸ ಫೋನನ್ನು ನಂಬಿ ಒಬ್ಬಳೇ ಬಸ್ಸು ಹತ್ತಿ ಅಕ್ಕನ ಮನೆಗೆ ಹೋದಳು.